ಇಪ್ಪತ್ತು ನಿಮಿಷದ ಮೇಡಂ

ಹೋದ ತಿಂಗಳು ಅರಸೀಕೆರೆಯಲ್ಲಿ ಮೇಡಂ ಅವರಿಗೆ ಶ್ರದ್ಧಾಂಜಲಿ ಸಭೆ ನಡೆಯಿತು. ಎರಡು ನಿಮಿಷ ಮೌನ ಆಚರಿಸೋಣವೆಂದು ಅಧ್ಯಕ್ಷರು ಕರೆ ಕೊಟ್ಟರು. ಎಲ್ಲರೂ ಎದ್ದು ತಲೆ ತಗ್ಗಿಸಿ ನಿಂತೆವು. ನಲವತ್ತನೇ ಸೆಕೆಂಡಿಗೆ ಅಧ್ಯಕ್ಷರ ಜೇಬಿನಲ್ಲೇ ಮೊಬೈಲು ಭಜನೆ ಶುರು ಮಾಡಿತು. ಅವರು ಅದನ್ನು ಕಿವಿಗೆ ಒತ್ತಿಕೊಂಡು, "ಆಮೇಲೆ ಮಾಡು ಕಣಯ್ಯ, ಮೌನದಲ್ಲಿದೀನಿ" ಎಂದು ಊರಿಗೆಲ್ಲ ಕೇಳುವಂತೆ ಪಿಸುಗುಟ್ಟಿದರು. ಮೌನ ಮುಗಿಯಿತೆಂದು ತಿಳಿದು ನಾವೆಲ್ಲ ಕೂತೆವು.

ಸತ್ತವರು ಬೇರೆ ಯಾರಾದರೂ ಆಗಿದ್ದರೆ ಇದು ಕ್ಷಮಿಸಬಹುದಾದ ಲೋಪ. ಆದರೆ ಮೇಡಂ, ನಮಗೆ ಒಂದು ಇಡೀ ಮಳೆಗಾಲ ಇಪ್ಪತ್ತು ನಿಮಿಷ ಬಾಯಿ ಮುಚ್ಚಿಕೊಂಡು ಕೂರುವ ವಿದ್ಯೆ ಕಲಿಸಲು ಹೆಣಗಿದವರು. ಮೇಲಿನಿಂದ ನೋಡುತ್ತಿದ್ದರೆ, "ನಲವತ್ತು ಸೆಕೆಂಡು. ಮೊದಲು ಹತ್ತೂ ಇರಲಿಲ್ಲ. ಪ್ರಗತಿ ಇದೆ" ಎಂದು ಬರೆದುಕೊಂಡಿರುತ್ತಾರೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಬರೆದರೆ ಅದರ ಬೆನ್ನಿಗೇ 'ಮಾತೃಹೃದಯಿ', 'ನಿಸ್ವಾರ್ಥ ಸೇವಕಿ' ಮುಂತಾದವು ಸಾಲುಗಟ್ಟಿ ಬಂದು ನಿಲ್ಲುತ್ತವೆ. ಆ ಸಭೆಯಲ್ಲಿ ಬಂದು ನಿಂತೂ ಇದ್ದವು. ಅಂಥ ಮಾತುಗಳೆಂದರೆ ಮೇಡಂ ಅವರ ಕೆಂಪು ಪೆನ್ಸಿಲ್ಲಿಗೆ ಮೇಕೆಗೆ ಹಲಸಿನೆಲೆ ಸಿಕ್ಕಂತೆ. ಒಂದನ್ನೂ ಬಿಡುತ್ತಿರಲಿಲ್ಲ.

ನಮ್ಮ ಇಲಾಖೆಯಲ್ಲಿ ತರಬೇತಿ ಎಂಬುದು ಮಳೆ, ಚಳಿ, ಬೇಸಿಗೆಯಂತೆ ಒಂದು ಋತು. ಯಾಕೆ ಬಂತೆಂದು ಯಾರೂ ಕೇಳುವುದಿಲ್ಲ; ಕೊಡೆ ಹಿಡಿದು ಹೋಗಿ ಬರುವುದು. ಮೊದಲು ಪ್ರಾರ್ಥನೆ, ಆಮೇಲೆ ಚಪ್ಪಾಳೆ ತಟ್ಟಿಕೊಂಡು ಒಂದು ಹಾಡು, ಟೀ, ಬಿಸ್ಕತ್ತು, ಗುಂಪು ಚರ್ಚೆ ಎಂಬ ಹೆಸರಿನಲ್ಲಿ ವರ್ಗಾವಣೆಯ ಸಮಾಚಾರ, ಊಟ, ತೂಕಡಿಕೆ, ಸಹಿ. ಹಾರನಹಳ್ಳಿಯ ಶಾಲೆಯೊಂದರ ಹೆಡ್‌ಮಾಸ್ಟರಾಗಿ, ನಿವೃತ್ತಿಗೆ ಮೂರು ವರ್ಷ ಬಾಕಿಯಿದ್ದ ನಾನು ಈ ಎಲ್ಲ ಕಲೆಗಳಲ್ಲೂ ಪಳಗಿದ್ದೆ. ಆ ಸಲದ ಸುತ್ತೋಲೆಯಲ್ಲಿ 'ಸ್ವಲೀನತೆಯುಳ್ಳ ಮಕ್ಕಳ ಕಲಿಕಾ ಸಾಮರ್ಥ್ಯವನ್ನು ಗುರುತಿಸುವ ಬಗ್ಗೆ, ವಾರಕ್ಕೊಂದು ದಿನ, ಅರಸೀಕೆರೆಯಲ್ಲಿ' ಎಂದಿತ್ತು. ಸ್ವಲೀನತೆ ಎಂದರೆ ಯಾವುದೋ ಯೋಗಸಿದ್ಧಿ ಇರಬೇಕು, ಮೂರನೇ ಕ್ಲಾಸಿನವರಿಗೆ ಅದು ಹೇಗೆ ಒಲಿಯಿತು ಎಂದು ಬೆರಗಾಗಿ ಹೊರಟೆ. ಪಕ್ಕದಲ್ಲಿ ಕೂತಿದ್ದ ಜಯಮ್ಮ, ಬೇಲೂರು ತಾಲೂಕಿನ ಗೆಂಡೆಹಳ್ಳಿ ಕಡೆಯ ಅಂಗನವಾಡಿ ಟೀಚರು, "ಆಟಿಸಂ ಅಂತಾರಲ್ಲ ಸಾರ್, ಅದೇ" ಎಂದು ನನ್ನ ಕಣ್ಣು ತೆರೆಸಿದರು.

ಮೇಡಂ ಬಂದರು. ಬೇಲೂರಿನಲ್ಲಿ ಬಾಡಿಗೆ ಮನೆ. ಹಳೇಬೀಡು, ಜಾವಗಲ್ ಮೇಲೆ ಬರುವ ಬಸ್ಸಿನಲ್ಲಿ ಉದ್ದಕ್ಕೂ ನಿದ್ದೆ ಮಾಡಿ, ಕಂಡಕ್ಟರು ಎಬ್ಬಿಸಿದ ಮೇಲೆ ಇಳಿದು, ಎಬ್ಬಿಸಿದ್ದಕ್ಕೆ ಅವನನ್ನೇ ಬೈದು ಬರುತ್ತಿದ್ದರು. ಐವತ್ತು ದಾಟಿದ, ಕುಳ್ಳಗಿನ, ಅಗಲ ಮೈಯ ಹೆಂಗಸು. (ಇವೆಲ್ಲ ಅವರು ಹೊಡೆದು ಹಾಕುತ್ತಿದ್ದ ಮಾತುಗಳು. ಈಗ ಅವರಿಲ್ಲವಾದ್ದರಿಂದ ಧೈರ್ಯವಾಗಿ ಬರೆದಿದ್ದೇನೆ.) ಹೆಗಲಲ್ಲಿ ಬಟ್ಟೆಯ ಚೀಲ. ಅದರೊಳಗೆ ಒಂದು ಅಲಾರಂ ಗಡಿಯಾರ, ಅವರೆಕಾಳಿನ ಡಬ್ಬಿ, ಮರದ ಬಿಲ್ಲೆಗಳನ್ನು ಜೋಡಿಸುವ ಹಲಗೆ, ಎರಡು ಕೆಂಪು ಪೆನ್ಸಿಲ್ಲು, ಒಂದು ಪೊಟ್ಟಣ ಖಾರದ ಕಡಲೆಬೀಜ. ಕಡಲೆಬೀಜ ಯಾರಿಗೂ ಕೊಡುತ್ತಿರಲಿಲ್ಲ.

"ಪ್ರಾರ್ಥನೆಯಿಂದ ಶುರು ಮಾಡೋಣ್ವೇ ಮೇಡಂ?" ಎಂದರು ತರಬೇತಿಯ ಉಸ್ತುವಾರಿ ಹೊತ್ತವರು.

"ನಾನು ಮನೇಲಿ ಮಾಡ್ಕೊಂಡು ಬಂದಿದೀನಿ. ನೀವು ಮಾಡಿರಲಿಲ್ವೇ?"

ಹಾಡು, ಚಪ್ಪಾಳೆ, ಎರಡೂ ಅಲ್ಲಿಗೇ ಸತ್ತವು.

ನಾವು ತಂದಿದ್ದ ಮಕ್ಕಳ ಫಾರಂಗಳನ್ನು ಅವರು ಮೊದಲ ದಿನವೇ ಓದಿಸಿದರು. ಹಠಮಾರಿ, ಮಂಕು, ತನ್ನದೇ ಲೋಕ, ಸಹಕರಿಸುವುದಿಲ್ಲ, ಏನೂ ಬರುವುದಿಲ್ಲ. ಒಬ್ಬರ ಮಾತನ್ನು ಇನ್ನೊಬ್ಬರು ನಕಲು ಮಾಡಿದ್ದೇವೋ ಎಂಬಷ್ಟು ಒಮ್ಮತವಿತ್ತು. ಎಲ್ಲ ಕೇಳಿಸಿಕೊಂಡು ಮೇಡಂ ಹೇಳಿದರು: "ಮಗುಗೆ ಏನು ಬರಲ್ಲ ಅಂತ ಪತ್ತೆ ಹಚ್ಚೋಕೆ ಪಕ್ಕದ ಮನೆಯವರೇ ಸಾಕು ಮೇಷ್ಟ್ರೇ. ಅದಕ್ಕೆ ಸರ್ಕಾರ ಯಾಕೆ, ಈ ಫಾರಂ ಯಾಕೆ, ನಿಮಗೆ ಸಂಬಳ ಯಾಕೆ? ಏನು ಬರುತ್ತೆ ಅಂತ ನೋಡಿ. ನೋಡೋದು ಕಷ್ಟ. ಇಪ್ಪತ್ತು ನಿಮಿಷ ಮಾತಾಡ್ದೆ ನೋಡ್ಬೇಕು."

ಮೂವತ್ತು ವರ್ಷ ಮಾತಾಡಿಯೇ ಅನ್ನ ತಿಂದ ಜನ ನಾವು. ಇಪ್ಪತ್ತು ನಿಮಿಷ ಎಂದರೆ ಅರ್ಧ ಪೀರಿಯಡ್ಡು.

ಮೂರನೇ ವಾರ ನಮ್ಮನ್ನೆಲ್ಲ ಹಳೇಬೀಡಿಗೆ ಕರೆದೊಯ್ದರು. ಪ್ರವಾಸ ಎಂದು ಹಿಗ್ಗಿ ಪುಳಿಯೋಗರೆ ಕಟ್ಟಿಸಿಕೊಂಡು ಹೋದೆವು. ಅಲ್ಲಿ ದೇವಸ್ಥಾನದ ಬುಡದ ಸಾಲಿನಲ್ಲಿ ಆನೆಗಳ ಕೆತ್ತನೆ ಇದೆಯಲ್ಲ, ಅದರಲ್ಲಿ ತಲೆಗೊಂದು ಆನೆ ಹಂಚಿದರು. "ಇಪ್ಪತ್ತು ನಿಮಿಷ ನಿಮ್ಮ ಆನೆ ನೋಡಿ. ಕಂಡಿದ್ದು ಬರೀರಿ." ಗಡಿಯಾರವನ್ನು ಜಗತಿಯ ಮೇಲಿಟ್ಟು, ಕಡಲೆಬೀಜ ಬಿಚ್ಚಿ ಕೂತರು.

ಗೋಡೆಗೆ ಮುಖ ಮಾಡಿ ಬಿಸಿಲಿನಲ್ಲಿ ಕುಕ್ಕರುಗಾಲಲ್ಲಿ ಕೂತ ಮೇಷ್ಟ್ರುಗಳ ಸಾಲನ್ನು ಕಂಡು ಒಬ್ಬ ಗೈಡು ಹತ್ತಿರ ಬಂದ. "ಏನ್ ಸಾರ್ ಹುಡುಕ್ತಾ ಇದೀರಾ? ಏನಾರ ಬಿತ್ತಾ?"

"ಆನೆ ನೋಡ್ತಿದೀವಿ."

"ಎಷ್ಟೊತ್ತು?"

"ಇಪ್ಪತ್ತು ನಿಮಿಷ."

"ಒಂದು ಆನೇನಾ? ಇಡೀ ದೇವಸ್ಥಾನನೇ ನಾನು ಹದಿನೈದು ನಿಮಿಷಕ್ಕೆ ಮುಗಿಸ್ತೀನಿ ಕಣ್ರೀ!"

ನನ್ನ ಅಕ್ಷರ ದುಂಡಗಿದೆ ಎಂಬ ಹೆಮ್ಮೆ ನನಗೆ ಚಿಕ್ಕಂದಿನಿಂದ. 'ಭವ್ಯವೂ ಗಂಭೀರವೂ ಆದ ಈ ಗಜರಾಜನು ನಮ್ಮ ಶಿಲ್ಪಿಗಳ ಅಮೋಘ ಪ್ರತಿಭೆಗೆ ಸಾಕ್ಷಿಯಾಗಿ' ಎಂದು ಶುರು ಮಾಡಿ ಒಂದು ಪುಟ ಬರೆದೆ. ಮೇಡಂ ಓದಿ, ಪೂರ್ತಿ ಪುಟದ ಮೇಲೆ ಕೋನದಿಂದ ಕೋನಕ್ಕೆ ಒಂದು ಕೆಂಪು ಗೆರೆ ಎಳೆದರು.

"ಭವ್ಯ ನಿಮ್ಮ ತಲೆಯೊಳಗಿದೆ. ಸೊಂಡಿಲು ಯಾವ ಕಡೆಗಿದೆ?"

ನಾನು ತಿರುಗಿ ನೋಡಲು ಹೊರಟೆ. "ನೋಡಬೇಡಿ. ಇಪ್ಪತ್ತು ನಿಮಿಷ ನೋಡಿದ್ದೀರಿ. ಹೇಳಿ."

ಗೊತ್ತಿರಲಿಲ್ಲ. ಜಯಮ್ಮ ಮೂರು ಸಾಲು ಬರೆದಿದ್ದರು: 'ಸೊಂಡ್ಲು ಒಳಕ್ಕೆ ಸುತ್ತಿದೆ. ಮುಂದಿನ ಎಡಗಾಲು ಎತ್ತಿದೆ. ಬಾಲ ಮುರಿದಿದೆ, ಮುರಿದ ಜಾಗ ನುಣುಪಾಗಿದೆ, ಜನ ಮುಟ್ಟಿರಬೇಕು.' ಮೇಡಂ 'ಜನ ಮುಟ್ಟಿರಬೇಕು' ಎಂಬ ಊಹೆಯನ್ನಷ್ಟೇ ಹೊಡೆದು, ಜಯಮ್ಮನ ಕೈಗೆ ಕಡಲೆಬೀಜ ಸುರಿದರು. ಇಡೀ ಮಳೆಗಾಲದಲ್ಲಿ ಅದೊಂದೇ ಸಲ. ಜಯಮ್ಮನ ಮೇಲೆ ನನಗಿರುವ ಅಸೂಯೆ ಇವತ್ತಿಗೂ ಆರೋಗ್ಯವಾಗಿದೆ.

ತರಬೇತಿಯ ಕೊನೆಗೆ ಪ್ರಾಯೋಗಿಕ ಪರೀಕ್ಷೆ. ಪ್ರತಿಯೊಬ್ಬರೂ ತಮ್ಮ ಶಾಲೆಯ ಒಂದು ಮಗುವನ್ನು ಅರಸೀಕೆರೆಗೆ ಕರೆತಂದು, ಮೇಡಂ ಎದುರಿಗೆ ಮಗುವಿನ ಸಾಮರ್ಥ್ಯ ಗುರುತಿಸಬೇಕು. ಇದರ ಮೇಲೆ ಒಂದು ಪಟ್ಟಿ ತಯಾರಾಗುತ್ತದೆ: ಶಾಲೆಗೇ ಬಂದು ಕಲಿಯುವವರು ಯಾರು, ಮನೆಯಲ್ಲೇ ಉಳಿದು ವಾರಕ್ಕೊಮ್ಮೆ ಬರುವ ಟೀಚರಿಂದ ಕಲಿಯುವವರು ಯಾರು.

ನನ್ನ ಪಾಲಿಗೆ ಬಂದವಳು ಸಿಂಚನ. ಒಂಬತ್ತು ವರ್ಷ. ಕೊಬ್ಬರಿ ವ್ಯಾಪಾರದವರ ಮನೆಯ ಹುಡುಗಿ. ಮಾತಿಲ್ಲ, ಗಂಟಲಲ್ಲೇ ಒಂದು ರಾಗ. ಬೆಲ್ಲು ಹೊಡೆದರೆ ಎರಡೂ ಕಿವಿ ಮುಚ್ಚಿ ಬಿಸಿಯೂಟದ ಅಡುಗೆಮನೆಗೆ ಓಡಿಹೋಗುತ್ತಿದ್ದಳು. ಇನ್‌ಸ್ಪೆಕ್ಟರು ಬರುವ ದಿನ ಮಂದ ಹುಡುಗರನ್ನು ಕರಿಬೇವು ತರಲು ಕಳಿಸುವುದು ನಮ್ಮ ಶಾಲೆಯ ಪುರಾತನ ಸಂಪ್ರದಾಯ. ಸಿಂಚನಳ ವಿಷಯದಲ್ಲಿ ಆ ತೊಂದರೆಯೂ ಇರಲಿಲ್ಲ, ತಾನಾಗಿಯೇ ಹೋಗಿರುತ್ತಿದ್ದಳು. ಅವಳ ಫಾರಂನಲ್ಲಿ ನಾನು ದುಂಡಗಿನ ಅಕ್ಷರದಲ್ಲಿ ಬರೆದಿದ್ದೆ: 'ಏನೂ ಬಾರದು. ಕಲಿಕೆ ಅಸಾಧ್ಯ. ಮನೆಯಲ್ಲೇ ಇರುವುದು ಸೂಕ್ತ.'

ಪರೀಕ್ಷೆಗೆ ಒಂದು ವಾರವಿದ್ದಾಗ ಅವಳ ಅಜ್ಜಿ ಗೌರಮ್ಮ ಶಾಲೆಯ ಜಗಲಿಗೆ ಬಂದು ಕೂತರು.

"ಮೇಷ್ಟ್ರೆ, ಅದೇನೋ ಪಟ್ಟಿ ಮಾಡ್ತೀರಂತೆ. ಮನೇಲೇ ಇರ್ಲಿ ಅಂತ ಮಾತ್ರ ಬರೀಬ್ಯಾಡಿ."

"ಯಾಕಜ್ಜಿ, ಮನೆ ಅಂದ್ರೆ ನಿಮ್ಮ ಕಣ್ಣೆದುರಿಗೇ ಇರ್ತಾಳಲ್ಲ."

"ಕಣ್ಣೆದುರಿಗೆ ಎಲ್ಲಿ ಬಂತು? ಮನೆಗೆ ಯಾರಾನ ಬಂದ್ರೆ ಒಳ್ಗಡೆ ಕೋಣೇಲಿ ಬಿಟ್ಟು ಆಚೆಯಿಂದ ಚಿಲ್ಕ ಹಾಕ್ತಾರೆ. ಯಾಪಾರದ ಮನೆ, ದಿನಾ ಯಾರಾದ್ರೂ ಬತ್ತಾನೇ ಇರ್ತಾರೆ. ಸ್ಕೂಲಿಗೆ ಬಂದಿರೋ ಅಷ್ಟೊತ್ತೇ ಆ ಮಗೀಗೆ ಗಾಳಿ. ನೀವು ಬರೆದ್ಬುಟ್ರೆ ದಿನಾ ಚಿಲ್ಕನೇಯ."

"ನಾನ್ಯಾಕೆ ಹಾಗೆ ಬರೀಲಿ, ಹೋಗಿ ಅಜ್ಜಿ" ಎಂದೆ.

ಬರೆದು ತಿಂಗಳುಗಳೇ ಆಗಿದ್ದವು. ಫಾರಂ ಮೇಡಂ ಚೀಲದಲ್ಲಿತ್ತು.

ಪಶ್ಚಾತ್ತಾಪವಾದಾಗ ಜ್ಞಾನಿಗಳು ತಪಸ್ಸು ಮಾಡುತ್ತಾರೆ. ಹೆಡ್‌ಮಾಸ್ಟರುಗಳು ಇನ್‌ಸ್ಪೆಕ್ಷನ್ನಿಗೆ ತಯಾರಿ ಮಾಡುತ್ತಾರೆ. ಮೇಡಂ ಬಳಿಯಿದ್ದಂಥದೇ ಹಲಗೆ ನಮ್ಮ ಶಾಲೆಗೂ ಬಂದಿತ್ತು. ಮಕ್ಕಳ ಕೈಗೆ ಸಿಕ್ಕರೆ ಹಾಳಾದೀತೆಂದು ಪ್ಲಾಸ್ಟಿಕ್ ಸಮೇತ ಬೀರುವಿನಲ್ಲಿ ಭದ್ರವಾಗಿತ್ತು. ಅದನ್ನು ಬಿಚ್ಚಿದೆ. ದುಂಡು, ಚೌಕ, ತ್ರಿಕೋನ, ನಕ್ಷತ್ರ. ನಾಲ್ಕು ಬಿಲ್ಲೆ, ನಾಲ್ಕು ಗುಳಿ. ಸಂಜೆ ಶಾಲೆ ಬಿಟ್ಟ ಮೇಲೆ ಅಡುಗೆಮನೆಯ ಮೆಟ್ಟಿಲಲ್ಲಿ ಸಿಂಚನಳ ಪಕ್ಕ ಕೂತು, ಅವಳ ಕೈ ಹಿಡಿದು ಒಂದೊಂದಾಗಿ ಇಡಿಸಿದೆ. ನಾಲ್ಕೂ ಕೂತರೆ ನನ್ನ ಜುಬ್ಬದ ಎಡಜೇಬಿನಿಂದ ಒಂದು ಕೊಡುಬಳೆ. ಮೊದಲ ದಿನ ಹಲಗೆಯನ್ನು ತಳ್ಳಿದಳು. ಎರಡನೇ ದಿನ ಕೊಡುಬಳೆಯನ್ನು ಮಾತ್ರ ಒಪ್ಪಿಕೊಂಡಳು. ನಾಲ್ಕನೇ ದಿನ ನನ್ನ ಕೈ ಸರಿಸಿ ತಾನೇ ಇಟ್ಟಳು. ಐದನೇ ದಿನ ನಾಲ್ಕನ್ನೂ ಪಟಪಟನೆ ಕೂರಿಸಿ, ನನ್ನ ಅಪ್ಪಣೆಗೂ ಕಾಯದೆ ಜೇಬಿಗೆ ಕೈ ಹಾಕಿದಳು.

ಪರೀಕ್ಷೆಯ ದಿನ ಗೌರಮ್ಮ ಮೊಮ್ಮಗಳಿಗೆ ಎರಡು ಜಡೆ ಹಾಕಿ ಕರೆತಂದು ಬಾಗಿಲ ಹತ್ತಿರ ಕೂತರು. ಗೋಡೆಯುದ್ದಕ್ಕೂ ಬೆಂಚಿನ ಮೇಲೆ ನಾವು. ಮೇಡಂ ಹಲಗೆ ಮುಂದಿಟ್ಟರು. ಸಿಂಚನ ನಾಲ್ಕೂ ಬಿಲ್ಲೆಗಳನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಕೂರಿಸಿದಳು. ನಾನು ಗಂಡಿನ ಕಡೆಯ ಹಿರಿಯನಂತೆ ಸುತ್ತ ನೋಡಿದೆ.

ಮೇಡಂ ಏನೂ ಹೇಳದೆ ಬಿಲ್ಲೆಗಳನ್ನು ತೆಗೆದು, ಹಲಗೆಯನ್ನು ಎಡತುದಿ ಬಲಕ್ಕೆ ಬರುವಂತೆ ತಿರುಗಿಸಿಟ್ಟರು.

ಸಿಂಚನ ದುಂಡು ಬಿಲ್ಲೆ ತೆಗೆದುಕೊಂಡು, ಮೊದಲು ದುಂಡು ಗುಳಿ ಇದ್ದ ಜಾಗದಲ್ಲಿ, ಅಂದರೆ ಈಗ ನಕ್ಷತ್ರದ ಗುಳಿಯ ಮೇಲೆ ಇಟ್ಟು ಒತ್ತಿದಳು. ಕೂರಲಿಲ್ಲ. ಇನ್ನೂ ಒತ್ತಿದಳು. ಅವಳು ಕಲಿತದ್ದು ಆಕಾರವನ್ನಲ್ಲ, ಜಾಗವನ್ನು. ನಾಲ್ಕನ್ನೂ ಹಳೆಯ ಜಾಗಗಳಲ್ಲಿ ಒಂದಾದ ಮೇಲೊಂದು ಇಟ್ಟಳು. ಒಂದೂ ಕೂರಲಿಲ್ಲ. ಆದರೆ ತನ್ನ ಕಡೆಯ ಕೆಲಸ ಮುಗಿಯಿತು, ತಪ್ಪಿದ್ದರೆ ಹಲಗೆಯದು ಎಂಬಂತೆ ಎದ್ದು, ಹತ್ತು ಜನರನ್ನು ದಾಟಿ ನೇರ ನನ್ನ ಬಳಿ ಬಂದು, ಎಡಜೇಬಿಗೆ ಕೈ ಹಾಕಿ ಕೊಡುಬಳೆ ತೆಗೆದು ಕಡಿದಳು. ಆ 'ಕಟುಂ' ಕೋಣೆಗೆಲ್ಲ ಕೇಳಿಸಿತು.

"ಹೆಡ್‌ಮಾಸ್ಟ್ರೇ, ಎಷ್ಟು ದಿನದಿಂದ?"

"ಏನು ಮೇಡಂ?"

"ಕೊಡುಬಳೆ."

"ಐದು ದಿನ."

ಮೇಡಂ ಚೀಲದಿಂದ ಫಾರಂ ತೆಗೆದರು. "ಇದು ಯಾರ ಅಕ್ಷರ? ದುಂಡಗಿದೆ. 'ಏನೂ ಬಾರದು. ಕಲಿಕೆ ಅಸಾಧ್ಯ.'"

"ನಂದೇ."

"ಐದು ದಿನ ಇವಳಿಗೆ ಕಲಿಸಿದ್ದು?"

"ನಾನೇ."

"ಕಲಿತದ್ದು?"

ಬಾಗಿಲ ಬಳಿಯಿಂದ ಗೌರಮ್ಮ ನನ್ನನ್ನೇ ನೋಡುತ್ತಿದ್ದರು. 'ನಾನ್ಯಾಕೆ ಬರೀಲಿ' ಎಂದಿದ್ದ ಬಾಯಿಂದಲೇ, "ಅವಳೇ" ಎಂದೆ.

"ಹಾಗಾದ್ರೆ ಬರೆದ ಮೇಷ್ಟ್ರು ಸುಳ್ಳೋ, ಕಲಿಸಿದ ಮೇಷ್ಟ್ರು ಸುಳ್ಳೋ, ನೀವೇ ತೀರ್ಮಾನ ಮಾಡಿ."

ಇನ್ನು ಮುಚ್ಚಿಡುವುದೇನು? ಚಿಲಕದ ವಿಷಯ ಹೇಳಿದೆ. ಅವಳನ್ನು ಶಾಲೆಯಲ್ಲಿ ಉಳಿಸಿಕೊಳ್ಳಲು ಹೀಗೆ ಮಾಡಿದೆ ಎಂದೆ. ಮೇಡಂ ಬಿಲ್ಲೆಗಳನ್ನು ಒಂದೊಂದಾಗಿ ಆರಿಸಿಕೊಂಡರು.

"ಆ ಚಿಲಕ ತೆಗೆಯೋಕೆ ನಿಮ್ಮ ಮೋಸ ಬೇಡ ಮೇಷ್ಟ್ರೇ. ಇರೋ ನಿಜಾನೇ ಸಾಕು, ಪೂರ್ತಿ ಬರೆದ್ರೆ." ಹಲಗೆಯನ್ನು ಚೀಲಕ್ಕೆ ಹಾಕಿ, ಗಡಿಯಾರ ತೆಗೆದು ಮೇಜಿನ ಮೇಲಿಟ್ಟರು. "ಟೀ ತರಿಸಿ. ಇಪ್ಪತ್ತು ನಿಮಿಷ. ಯಾರೂ ಅವಳನ್ನ ಕರೀಬೇಡಿ, ಹೊಗಳಬೇಡಿ, ಅಯ್ಯೋ ಅನ್ಬೇಡಿ."

ಸ್ಟೀಲ್ ಲೋಟಗಳಲ್ಲಿ ಟೀ ಬಂತು. ಕುಡಿದೆವು. ನಮ್ಮ ಜೀವಮಾನದಲ್ಲಿ ಮೊದಲ ಸಲ ತರಬೇತಿಯ ಟೀಯನ್ನು ಮಾತಿಲ್ಲದೆ ಕುಡಿದೆವು. ಸಿಂಚನ ಕಿಟಕಿಯ ಹತ್ತಿರ ನಿಂತಿದ್ದಳು. ಏಳೆಂಟು ನಿಮಿಷವಾದ ಮೇಲೆ ಬೆಂಚಿನ ತುದಿಗೆ ಬಂದು, ಖಾಲಿ ಲೋಟವೊಂದನ್ನು ಎತ್ತಿ ಒಳಗೆ ನೋಡಿ, ಇನ್ನೊಂದರೊಳಗೆ ಕೂರಿಸಿದಳು. ಹಾಗೇ ಸಾಲಿನುದ್ದಕ್ಕೂ ಬಂದಳು. ಎರಡು ಗಾತ್ರದ ಲೋಟಗಳಿದ್ದವು. ದೊಡ್ಡವು ಬೇರೆ, ಚಿಕ್ಕವು ಬೇರೆ ಪೇರಿಸಿದಳು. ನನ್ನ ಬಳಿ ಬಂದಳು. ನನ್ನ ಲೋಟದಲ್ಲಿ ಇನ್ನೂ ಟೀ ಇತ್ತು. ಇಣುಕಿ ನೋಡಿದಳು. ಕಿತ್ತುಕೊಳ್ಳಲಿಲ್ಲ. ಲೋಟಗಳ ಕಂಬವನ್ನು ಎದೆಗೆ ಒತ್ತಿಕೊಂಡು ನಿಂತಳು. ಸ್ವಲ್ಪ ಹೊತ್ತಾದ ಮೇಲೆ ನನ್ನ ಮೊಣಕೈಯನ್ನು ಒಂದು ಬೆರಳಿನಿಂದ ಮೇಲಕ್ಕೆ ತಳ್ಳಿದಳು. ಕುಡಿ, ಎಂದು. ಕುಡಿದೆ. ಲೋಟ ತೆಗೆದುಕೊಂಡು ಹೋದಳು.

ಅಲಾರಂ ಹೊಡೆಯುವ ಮೊದಲೇ ಮೇಡಂ ಅದರ ನೆತ್ತಿ ಅದುಮಿ ಸುಮ್ಮನಾಗಿಸಿದರು. ಹೊರಗೆ ಬಸ್ಸಿನ ಹಾರನ್ನಿಗೆ ಅವಳು ಕಿವಿ ಮುಚ್ಚಿಕೊಂಡದ್ದನ್ನು ಅವರು ಆಗಲೇ ನೋಡಿದ್ದರು. ನನಗೆ ಒಂದು ಹೊಸ ಫಾರಂ ಕೊಟ್ಟರು.

ಬರೆದೆ: 'ಬಿಲ್ಲೆ ಜೋಡಿಸಲು ಐದು ದಿನದಲ್ಲಿ ಕಲಿತಳು, ಜಾಗ ಗುರುತಿಸಿದಳು, ಆಕಾರ ಇನ್ನೂ ಇಲ್ಲ. ಎರಡು ಗಾತ್ರದ ಲೋಟ ಬೇರ್ಪಡಿಸಿದಳು, ಯಾರೂ ಹೇಳಲಿಲ್ಲ. ತುಂಬಿದ್ದು, ಖಾಲಿ, ವ್ಯತ್ಯಾಸ ನೋಡಿದಳು. ಕಾದಳು. ಬೇಕಾದ್ದನ್ನು ನನ್ನ ಮೊಣಕೈ ತಳ್ಳಿ ತಿಳಿಸಿದಳು. ಅಲಾರಂ, ಬೆಲ್ಲು ಹತ್ತಿರ ಬೇಡ. ಶಾಲೆಯಲ್ಲಿ ಇರಲಿ.'

ಕೆಂಪು ಪೆನ್ಸಿಲ್ಲು ಕಾಗದದ ಮೇಲೆ ಎರಡು ಸುತ್ತು ತಿರುಗಿ, ಮೇಯಲು ಏನೂ ಸಿಗದೆ, ಚೀಲಕ್ಕೆ ಮರಳಿತು. ಮೂವತ್ತು ವರ್ಷದ ಸೇವೆಯಲ್ಲಿ ನನಗೆ ಬಂದ ಪ್ರಶಸ್ತಿ ಅದೊಂದೇ. ಕಡಲೆಬೀಜ ಮಾತ್ರ ಬರಲಿಲ್ಲ.

"ಪವಾಡ ಅಂತ ಊರಲ್ಲಿ ಸಾರ್ಬೇಡಿ" ಎಂದು ಎಚ್ಚರಿಸಿದರು. "ಲೋಟ ಜೋಡಿಸಿದಾಳೆ, ಅಷ್ಟೇ. ಮುಂದಿನದು ನಾಳೆಯಿಂದ ನಿಮ್ಮ ಕೆಲಸ."

ಮರುದಿನವೇ ಬೆಲ್ಲು ಅವಳಿದ್ದ ಕೋಣೆಯಿಂದ ದೂರದ ಬೇವಿನ ಮರಕ್ಕೆ ಹೋಯಿತು. ಹಲಗೆ ಬೀರುವಿಗೆ ಮರಳಲಿಲ್ಲ.

ಒಂದು ಭಾನುವಾರ ಮೇಡಂ ಹಾರನಹಳ್ಳಿಗೇ ಬಂದರು. ಬಸ್ಸಿನಲ್ಲಿ ನಿದ್ದೆ ಹೋಗಿ ಮುಂದಿನ ಸ್ಟಾಪಿನಲ್ಲಿ ಇಳಿದು, ನಡೆದು ಬಂದರು. ನಾನೂ ಜೊತೆಗೆ ಹೋದೆ. ಸಿಂಚನಳ ತಂದೆ ಮರ್ಯಾದಸ್ಥರು. ನಮ್ಮನ್ನು ಕೂರಿಸಿ, ಅದೇ ಮರ್ಯಾದೆಗೋಸ್ಕರ ಮಗಳನ್ನು ಒಳಗೆ ಕಳಿಸಿ ಚಿಲಕ ಹಾಕಿದರು. ಮೇಡಂ ಉಪ್ಪಿಟ್ಟು ತಿಂದರು, ಇನ್ನೊಂದು ಸಲ ಹಾಕಿಸಿಕೊಂಡರು, ಕೈ ತೊಳೆದು ಬಂದು ಆ ಬಾಗಿಲ ಮುಂದೆ ನಿಂತರು.

"ನೆಂಟರು ಬಂದ್ರೆ ಅವಳಿಗೆ ಆಗಲ್ವಾ?"

"ಗಲಾಟೆ ಮಾಡ್ತಾಳೆ ಮೇಡಂ. ಬಂದವರ ಎದುರಿಗೆ ಏನು ಚೆನ್ನಾಗಿರುತ್ತೆ?"

"ನನಗೂ ನೆಂಟರು ಬಂದ್ರೆ ಆಗಲ್ಲ. ನಾನೇನ್ ಮಾಡ್ತೀನಿ ಗೊತ್ತಾ? ಒಳಗಿಂದ ಚಿಲಕ ಹಾಕ್ಕೊಂಡು ಮನೇಲಿ ಇಲ್ಲ ಅಂತೀನಿ. ಇವಳಿಗೂ ಅಷ್ಟು ಮಾಡ್ಕೊಡಿ. ಚಿಲಕ ಇರ್ಲಿ. ಒಳಗಡೆ ಹಾಕ್ಸಿ. ಯಾವಾಗ ಹಾಕ್ಬೇಕು ಅಂತ ಅವಳು ನೋಡ್ಕೊಳ್ತಾಳೆ. ಅವಳು ಹಾಕ್ಕೊಂಡು ಬಿಟ್ರೆ ಆಚೆಯಿಂದಲೂ ತೆಗೆಯೋ ಹಾಗಿರೋದು ಸಿಗುತ್ತೆ, ಅದನ್ನ ಹಾಕ್ಸಿ."

ತಂದೆ ಅಜ್ಜಿಯ ಮುಖ ನೋಡಿದರು. ಗೌರಮ್ಮ ಮಾತಾಡಿದರು: "ಬಡಗಿ ನಂಜಪ್ಪ ಇಲ್ಲೇ ಅವ್ನೆ ಕಣ್ಲಾ, ಕರೀತೀನಿ ತಡಿ." ನಾವು ಎರಡನೇ ಕಾಫಿ ಮುಗಿಸುವಷ್ಟರಲ್ಲಿ ಚಿಲಕ ಬಾಗಿಲಿನ ಆ ಕಡೆಗೆ, ಈಚೆಯಿಂದಲೂ ತೆಗೆಯುವ ಹಾಗೆ, ಹೋಗಿತ್ತು. ಅದರ ಮೊದಲ ಪ್ರಯೋಗ ಆದದ್ದು ನನ್ನ ಮೇಲೆಯೇ. ಮುಂದಿನ ವಾರ ಯೋಗಕ್ಷೇಮ ವಿಚಾರಿಸಲು ಹೋದೆ. ಸಿಂಚನ ನನ್ನನ್ನು ನೋಡಿದಳು, ಜೇಬು ತಡಕಿದಳು, ಖಾಲಿ ಇತ್ತು. ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ಈಗ ಅವಳು ಹತ್ತನೇ ತರಗತಿಯಲ್ಲಿ ಕೂತಿದ್ದಾಳೆ. ಕೂತಿದ್ದಾಳೆ ಎಂದೇ ಬರೆಯುತ್ತೇನೆ. ಪಾಸಾಗುವಳೋ ಇಲ್ಲವೋ ನನಗೆ ಕಂಡಿಲ್ಲ. ಅರಸೀಕೆರೆ ಬಸ್ಸು ಯಾವುದೆಂದು ಬೋರ್ಡು ನೋಡಿ ಹತ್ತುತ್ತಾಳೆ, ಅದು ಕಂಡಿದ್ದೇನೆ.

ಶ್ರದ್ಧಾಂಜಲಿ ಸಭೆಗೂ ಅಜ್ಜಿಯ ಜೊತೆ ಬಂದಿದ್ದಳು. ಅಧ್ಯಕ್ಷರ ಮೌನ, ಹದಿನಾರು ಜನರ ಭಾಷಣ ಎಲ್ಲ ಮುಗಿದು ಟೀ ಬಂತು. ಸಿಂಚನ ಎದ್ದು ಲೋಟ ಸೇರಿಸತೊಡಗಿದಳು. ಯಾರೋ "ಅಯ್ಯೋ, ಬಿಡಮ್ಮ, ಹುಡುಗರು ತಗೊಂಡು ಹೋಗ್ತಾರೆ" ಎಂದರು. ಗೌರಮ್ಮ, "ಅವ್ಳ ಪಾಡಿಗೆ ಅವ್ಳನ್ನ ಬುಡಿ" ಎಂದರು.

ನನ್ನ ಮುಂದೆ ಬಂದು ನಿಂತಳು. ಲೋಟದಲ್ಲಿ ಅರ್ಧ ಟೀ ಇತ್ತು. ನನಗೆ ಒಂದು ಯೋಚನೆ ಬಂತು. ಮೇಡಂಗೆ ಸಲ್ಲಬೇಕಾದ ಮೌನ ಇನ್ನೂ ಬಾಕಿ ಇದೆ. ಈ ಟೀಯನ್ನು ಇಪ್ಪತ್ತು ನಿಮಿಷ ಕುಡಿದು, ಬಾಯಿ ಮುಚ್ಚಿಕೊಂಡು ಇವಳನ್ನು ನೋಡಿ, ಸಲ್ಲಿಸಿಬಿಡೋಣ ಎಂದು. ಗೋಡೆ ಗಡಿಯಾರ ನೋಡಿಕೊಂಡೆ. ತುಟಿಗೆ ತಾಗಿಸುವುದು, ಇಳಿಸುವುದು. ಸಿಂಚನ ನಿಂತಿದ್ದಳು. ಐದು ನಿಮಿಷಕ್ಕೆ ಲೋಟದೊಳಗೆ ಇಣುಕಿದಳು. ಎಂಟಕ್ಕೆ ನನ್ನ ಮೊಣಕೈ ತಳ್ಳಿದಳು. ನಾನು ಕುಡಿಯಲಿಲ್ಲ. ಹನ್ನೊಂದಕ್ಕೆ ಲೋಟವನ್ನು ನನ್ನ ಬೆರಳುಗಳಿಂದ ಬಿಡಿಸಿ, ಉಳಿದ ಟೀಯನ್ನು ಬಕೆಟ್ಟಿಗೆ ಚೆಲ್ಲಿ, ಕಂಬದ ಮೇಲೆ ಕೂರಿಸಿ ಹೊರಟುಹೋದಳು.

ಸಭೆಯ ಆಮಂತ್ರಣ ಪತ್ರಿಕೆಯ ಹಿಂದೆ, ದುಂಡಗಿನ ಅಕ್ಷರದಲ್ಲಿ ಬರೆದುಕೊಂಡೆ: 'ಕಾಯುತ್ತಾಳೆ. ಹನ್ನೊಂದು ನಿಮಿಷ. ಆಮೇಲೆ ಕಾಯುವುದಿಲ್ಲ.'

ಕೆಂಪು ಪೆನ್ಸಿಲ್ಲಿಗಾಗಿ ಅರೆಗಳಿಗೆ ತಡೆದು, ಮಡಿಸಿ ಎಡಜೇಬಿನಲ್ಲಿ ಇಟ್ಟುಕೊಂಡೆ.